ಕಟಕಟೆಯಲ್ಲಿ ಮೊದಲ ಕಾದಂಬರಿ

ಈಚೆಗೆ ನಗರದ ಒಂದು ಸಣ್ಣ ಪುಸ್ತಕದಂಗಡಿಗೆ ಹೋಗಿದ್ದೆ. ಮೊದಲ ಕಾದಂಬರಿ ಬರೆದ ದಲಿತ ಹುಡುಗನೊಬ್ಬ ಅಲ್ಲಿ ಮಾತಾಡುವವನಿದ್ದ. ಲಾಯಿಲದಿಂದ ಬಸ್ಸು ಹತ್ತಿ ಗುರುವಾಯನಕೆರೆ, ಮಡಂತ್ಯಾರು, ಬಂಟ್ವಾಳ ದಾಟಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಅಂಗಡಿಯವರು ಒಳ್ಳೆಯವರು. ಕಪಾಟು ಬದಿಗೆ ಸರಿಸಿ ಕುರ್ಚಿ ಹಾಕಿದ್ದರು, ಬಂದವರಿಗೆಲ್ಲ ಚಾ ಕೊಟ್ಟರು. ಇಪ್ಪತ್ತೈದು ಮೂವತ್ತು ಜನ. ಹುಡುಗ ನಾಲ್ಕು ಪುಟ ಓದಿದ. ಒಳ್ಳೆಯ ಗದ್ಯ, ಮಾತನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವ ಗದ್ಯ.

ಓದಿ ಮುಗಿದದ್ದೇ ಮೊದಲ ಪ್ರಶ್ನೆ ಬಂತು: "ಇದೆಲ್ಲ ನಿಮ್ಮ ಜೀವನದಲ್ಲೇ ನಡೆದದ್ದಾ?" ಎರಡನೆಯದು: "ಈಗಲೂ ನಿಮ್ಮ ಕಡೆ ಹೀಗೆಲ್ಲ ಉಂಟಾ?" ಮೂರನೆಯದು ಪ್ರಶ್ನೆಯೇ ಅಲ್ಲ. "ತುಂಬ ನೋವಾಯ್ತು" ಎಂಬ ಹೇಳಿಕೆ. ಒಂದೂವರೆ ಗಂಟೆ ಕಳೆಯಿತು. ಕಾದಂಬರಿ ಯಾಕೆ ಹೀಗೆ ಶುರುವಾಗುತ್ತದೆ, ಯಾಕೆ ಅಲ್ಲಿಗೇ ಮುಗಿಯುತ್ತದೆ, ಕತೆ ಹೇಳುತ್ತಿರುವವರು ಯಾರು, ಆ ಮುದುಕಿ ಯಾಕೆ ಒಂದೇ ಅಧ್ಯಾಯಕ್ಕೆ ಬಂದು ಹೋಗುತ್ತಾಳೆ, ಇಂಥ ಒಂದು ಪ್ರಶ್ನೆ ಯಾರ ಬಾಯಿಂದಲೂ ಬರಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. ನಾನೂ ಕೊನೆಗೆ ಎದ್ದು ಹುಡುಗನ ಹೆಗಲು ತಟ್ಟಿ, "ಚಳವಳಿಗೆ ಇಂಥ ಬರಹ ಬೇಕಪ್ಪ" ಅಂದು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹುಡುಗನ ಮುಖವೇ ಕಣ್ಣೆದುರು ಬರುತ್ತಿತ್ತು. ಅದು ಕಾದಂಬರಿ ಬರೆದವನ ಮುಖ ಆಗಿರಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳಿ ಕೆಳಗಿಳಿದವನ ಮುಖವಾಗಿತ್ತು.

ಗೆಳೆಯರೆ, ಈ ಟಿಪ್ಪಣಿ ಬರೆಯುತ್ತಿರುವುದು ಆ ಅಂಗಡಿಯನ್ನೋ ಅಲ್ಲಿ ಕೂತವರನ್ನೋ ದೂರುವುದಕ್ಕಲ್ಲ. ದಲಿತರು, ಮುಸ್ಲಿಮರು, ಹೆಂಗಸರು ಮೊದಲ ಕಾದಂಬರಿ ಬರೆದು ಜನರ ಮುಂದೆ ನಿಂತ ಕೂಡಲೇ ನಾವು ಅವರನ್ನು ಕಟಕಟೆ ಹತ್ತಿಸುತ್ತೇವೆ. ಸತ್ಯವನ್ನೇ ಹೇಳುತ್ತೀಯಾ ಅಂತ ಕೇಳುತ್ತೇವೆ. ಕಲೆಗಾರನಾಗಿ ನಿಲ್ಲುವ ಹಕ್ಕನ್ನು ಮಾತ್ರ ಕೊಡುವುದಿಲ್ಲ. ಇದು ಕನಿಕರದ ವೇಷದಲ್ಲಿ ಬರುವ ಜಾತಿ ಪದ್ಧತಿ ಎಂಬುದು ನನ್ನ ವಾದ.

ಒಂದು ಹೋಲಿಕೆ ನೋಡಿ. ಅನಂತಮೂರ್ತಿಯವರ ಮೊದಲ ಕಾದಂಬರಿ 'ಸಂಸ್ಕಾರ' ಬಂದದ್ದು 1965ರಲ್ಲಿ. ಅಗ್ರಹಾರದ ಕೆಲವರಿಗೆ ಸಿಟ್ಟು ಬಂತು, ನಿಜ. 1970ರ ಸಿನಿಮಾಕ್ಕೆ ಸೆನ್ಸಾರಿನವರು ಮೊದಲು ತಡೆ ಹಾಕಿದರು, ಅದೂ ನಿಜ. ಆದರೆ ನಮ್ಮ ವಿಮರ್ಶೆ ಆ ಪುಸ್ತಕದ ಹತ್ತಿರ ಹೋದದ್ದು ಹೇಗೆ? ಪ್ರಾಣೇಶಾಚಾರ್ಯರ ಬಿಕ್ಕಟ್ಟು ಎಂಥದು, ಕೊಳೆಯುವ ಹೆಣ ಏನನ್ನು ಸಂಕೇತಿಸುತ್ತದೆ, ಕೊನೆಯನ್ನು ಯಾಕೆ ತೆರೆದೇ ಬಿಟ್ಟಿದ್ದಾರೆ ಎಂದು ಪುಟಗಟ್ಟಲೆ ಬರೆಯಿತು. ಒಬ್ಬ ಬ್ರಾಹ್ಮಣ ಲೇಖಕ ತನ್ನ ಅಗ್ರಹಾರದ ಬಗ್ಗೆ ಬರೆದರೆ ಅದು 'ಅಸ್ತಿತ್ವದ ಪ್ರಶ್ನೆ'. ಒಬ್ಬ ದಲಿತ ತನ್ನ ಕೇರಿಯ ಬಗ್ಗೆ ಬರೆದರೆ ಅದು 'ಅನುಭವದ ದಾಖಲೆ'. ಒಬ್ಬನಿಗೆ ಸಂಕೇತ, ಇನ್ನೊಬ್ಬನಿಗೆ ಪಂಚನಾಮೆ. ಈ ಪಂಕ್ತಿಭೇದವನ್ನು ಯಾವ ಸರಕಾರಿ ಕಾನೂನು ತಡೆದೀತು?

ನಮ್ಮ ತುಳುನಾಡಿಗೇ ಬನ್ನಿ. ಇಲ್ಲಿಯ ಹೊಲೆಯನೊಬ್ಬನನ್ನು ನಡುವೆ ನಿಲ್ಲಿಸಿ ಬರೆದ ದೊಡ್ಡ ಕಾದಂಬರಿ ಶಿವರಾಮ ಕಾರಂತರ 'ಚೋಮನ ದುಡಿ', 1933ರದು. ಸ್ವಂತ ಬೇಸಾಯದ ಆಸೆ ಹೊತ್ತ ಚೋಮ, ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುವ ಮಕ್ಕಳು, ಬೆಳ್ಳಿಯ ಪಾಡು. ಚಾರ್ಮಾಡಿ ಘಾಟಿಯ ಕೆಳಗೆ ಬದುಕುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟ ಹತ್ತಿ ತೋಟದ ಕೂಲಿಗೆ ಹೋದವರು ನಮ್ಮ ಮನೆಗಳಲ್ಲೇ ಇದ್ದರು. ಕಾರಂತರು ಮೇಲ್ಜಾತಿಯಲ್ಲಿ ಹುಟ್ಟಿ ಚೋಮನನ್ನು ಕಲ್ಪಿಸಿದರು, ನಾವು ಒಪ್ಪಿದೆವು. ಕಲ್ಪನೆ ಮಾಡುವ ಅಧಿಕಾರ ಅವರಿಗೆ ಉಂಟು ಅಂತ ಎಲ್ಲರೂ ಒಪ್ಪಿದರು. ನನ್ನ ತಕರಾರು ಕಾರಂತರ ಮೇಲಲ್ಲ. ಆ ಅಧಿಕಾರ ಚೋಮನ ಮೊಮ್ಮಗನಿಗೆ ಯಾಕಿಲ್ಲ? ಕಾರಂತರು ಚೋಮನನ್ನು ಕಲ್ಪಿಸಿಕೊಳ್ಳಬಹುದಾದರೆ, ಚೋಮನ ಮೊಮ್ಮಗ ತಾನು ಕಾಣದ ಬದುಕನ್ನು, ಬೇಕಾದರೆ ಸಂಕಪ್ಪಯ್ಯನ ಮನೆಯ ಒಳಜಗಲಿಯನ್ನು ಕಲ್ಪಿಸಿ ಬರೆಯಬಾರದೆ? ಬರೆದರೆ "ಇದು ನಿಮ್ಮ ಅನುಭವ ಅಲ್ವಲ್ಲ" ಅನ್ನುತ್ತೇವೆ. ಬರೆಯದಿದ್ದರೆ "ಬರೀ ನಿಮ್ಮ ಅನುಭವವೇ ಆಯ್ತಲ್ಲ" ಅನ್ನುತ್ತೇವೆ.

ಕಾರಂತರು ದಶಕಗಳ ಕಾಲ ಬದುಕಿದ್ದು ಪುತ್ತೂರಿನಲ್ಲಿ. ಅದೇ ಪುತ್ತೂರಿನಲ್ಲಿ, 'ಚೋಮನ ದುಡಿ' ಬಂದು ಅರ್ಧ ಶತಮಾನ ಕಳೆದ ಮೇಲೆ, ಮೊದಲ ಕಾದಂಬರಿ ಬರೆದ ಹೆಂಗಸೊಬ್ಬರಿಗೆ ಏನಾಯಿತು ನೋಡಿ.

ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ, ಚಂದ್ರಗಿರಿ ಹೊಳೆಯ ಕಾಸರಗೋಡಿನಲ್ಲಿ. ಆ ಕಾಲಕ್ಕೆ ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಶಾಲೆ ಮುಂದುವರಿಸಿದವರೇ ಅಪರೂಪ. ಸಾರಾ ಓದಿದರು, ಅದೂ ಕನ್ನಡದಲ್ಲಿ. ಬರೆಯಲು ಕೂತಾಗ ವಯಸ್ಸು ನಲವತ್ತು ದಾಟಿತ್ತು. ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಜಾಹೀರಾತಿನ ಹಂಗಿಲ್ಲದೆ ಓದುಗರ ಕಾಸಿನಲ್ಲೇ ನಡೆಯುತ್ತಿದ್ದ ಪತ್ರಿಕೆ ಅದು. ನಮ್ಮಂಥ ಹಳ್ಳಿ ಮಾಸ್ತರರಿಗೆ ಆಗ ಪುಸ್ತಕದಂಗಡಿ ಎಲ್ಲಿತ್ತು? ಪೇಟೆಯ ಬೀಡಾ ಅಂಗಡಿಯಲ್ಲಿ ನೇತು ಹಾಕಿದ ಪತ್ರಿಕೆಯೇ ನಮ್ಮ ಪುಸ್ತಕದಂಗಡಿ. ಒಂದು ಪ್ರತಿ ಹತ್ತು ಕೈ ದಾಟಿ ಕೊನೆಗೆ ಎಣ್ಣೆ ಜಿಡ್ಡು ಹಿಡಿದು ಯಾರದೋ ಮನೆಯ ಗೋಡೆಗೆ ಅಂಟುತ್ತಿತ್ತು. ಇಡೀ ಪುಸ್ತಕವಾಗಿ ಅದನ್ನು ನಾನು ಕೊಂಡದ್ದು ಮಂಗಳೂರಿನ ಅತ್ರಿ ಬುಕ್ ಸೆಂಟರಿನಲ್ಲಿ. ಜಿ. ಎನ್. ಅಶೋಕವರ್ಧನರು 1975ರಲ್ಲಿ ತೆರೆದು 2012ರಲ್ಲಿ ಮುಚ್ಚಿದ ಅಂಗಡಿ. ಕೊಳ್ಳದೆ ನಿಂತು ಅರ್ಧ ಗಂಟೆ ಓದಿದರೂ ನನ್ನನ್ನು ಯಾರೂ ಎಬ್ಬಿಸಿದ್ದಿಲ್ಲ.

1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಸಾರಾ ಮಾತಾಡಬೇಕಿತ್ತು. ಮುಸ್ಲಿಂ ಯುವಕರ ಗುಂಪೊಂದು ಅವರು ಮಾತಾಡದಂತೆ ತಡೆಯಿತು. ಧರ್ಮದ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನು ಹೆಂಗಸೊಬ್ಬಳು ಬರೆದದ್ದೇ ಅಪರಾಧ. ಇದನ್ನು ಪುರೋಹಿತಶಾಹಿಯ ದೌರ್ಜನ್ಯ ಅಂತ ನಾವು ಖಂಡಿಸಿದೆವು. ಖಂಡಿಸಲೇಬೇಕಿತ್ತು. ಆದರೆ ಇಷ್ಟು ವರ್ಷಗಳ ನಂತರ ನನಗೆ ಇನ್ನೊಂದು ಮಾತೂ ಹೇಳಬೇಕು ಅನ್ನಿಸುತ್ತದೆ. ತಡೆದವರೂ ಹೆಗಲು ತಟ್ಟಿದ ನಾವೂ ಆ ಪುಸ್ತಕವನ್ನು ಓದಿದ ರೀತಿ ಒಂದೇ. ಅವರು "ಸುಳ್ಳು ಸಾಕ್ಷಿ" ಅಂದರು. ನಾವು "ಸತ್ಯ ಸಾಕ್ಷಿ" ಅಂದೆವು. ಅದು ಕಾದಂಬರಿ ಅಂತ ಹೇಳಿದವರು ಎಷ್ಟು ಜನ?

ಕತೆ ನಿಮಗೆ ಗೊತ್ತಿರಬಹುದು. ನಾದಿರಾ ಮತ್ತು ರಶೀದ್ ಅನ್ಯೋನ್ಯವಾಗಿ ಬಾಳುವ ಗಂಡ ಹೆಂಡತಿ. ನಾದಿರಾಳ ಅಪ್ಪ ಮಹಮ್ಮದ್ ಖಾನ್ ಹಣದ ಜಗಳದಲ್ಲಿ ಮಗಳನ್ನು ಗಂಡನಿಂದ ಕಿತ್ತು ತರುತ್ತಾನೆ. ಅವನ ಹಟಕ್ಕೆ ತಲಾಕ್ ಆಗುತ್ತದೆ. ಆಮೇಲೆ ಒಂದುಗೂಡಬೇಕು ಅಂದರೆ ಆಕೆ ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದ ತಲಾಕ್ ಪಡೆಯಬೇಕು. ನಾದಿರಾ ಅದಕ್ಕೆ ಒಗ್ಗದೆ ಮಸೀದಿಯ ಕೆರೆಯಲ್ಲಿ ಜೀವ ಕೊಡುತ್ತಾಳೆ.

ಈಗ ಹೇಳಿ, "ಇದು ನಿಮ್ಮದೇ ಬದುಕಾ?" ಎಂಬ ಪ್ರಶ್ನೆಗೆ ಇಲ್ಲಿ ಏನು ಬೆಲೆ? ಸಾರಾ ಓದು ಕಲಿತವರು. ಗಂಡ ಇಂಜಿನಿಯರು. ನಾದಿರಾಳ ಬದುಕು ಅವರದಲ್ಲ. ತನ್ನದಲ್ಲದ ಬದುಕಿನೊಳಗೆ ಇಳಿದು ಬರೆದದ್ದೇ ಅವರ ಸಾಧನೆ. ಇನ್ನೂ ಒಂದು ಸೂಕ್ಷ್ಮ ಗಮನಿಸಿ. ರಶೀದ್ ಕೆಟ್ಟ ಗಂಡನಲ್ಲ. ಕುಡಿದು ಹೊಡೆಯುವ ಗಂಡನನ್ನು ತಂದಿಟ್ಟಿದ್ದರೆ ಕತೆ ಸಲೀಸಾಗುತ್ತಿತ್ತು, ಸಿಟ್ಟೆಲ್ಲ ಒಬ್ಬನ ಮೇಲೆ ಹೋಗಿ ತಣಿಯುತ್ತಿತ್ತು. ಲೇಖಕಿ ಆ ದಾರಿ ಹಿಡಿಯಲಿಲ್ಲ. ಒಳ್ಳೆಯ ಗಂಡ, ಪ್ರೀತಿಯ ಹೆಂಡತಿ, ಇಬ್ಬರಿಗೂ ಕೂಡಿ ಬಾಳುವ ಆಸೆ, ಆದರೂ ಬಾಳಲಾಗುವುದಿಲ್ಲ. ಆಗ ಓದುಗನ ಕಣ್ಣು ವ್ಯಕ್ತಿಯನ್ನು ದಾಟಿ ವ್ಯವಸ್ಥೆಯ ಕಡೆ ಹೊರಳಲೇಬೇಕು. ವ್ಯವಸ್ಥೆ ಅಂತ ನಾವು ಭಾಷಣದಲ್ಲಿ ನೂರು ಸಲ ಹೇಳುತ್ತೇವೆ. ಸಾರಾ ಆ ಪದ ಬಳಸದೆ, ರಶೀದನನ್ನು ಒಳ್ಳೆಯವನಾಗಿ ಮಾಡಿ, ಅದನ್ನು ಕಾಣಿಸಿದರು. ಇದು ತಂತ್ರ ಅಲ್ಲದೆ ಮತ್ತೇನು?

ಸಾಕ್ಷಿಯಾಗಿ ಓದುವುದರಲ್ಲಿ ಇನ್ನೊಂದು ಅಪಾಯ ಉಂಟು. ಕೋರ್ಟಿನಲ್ಲಿ ಕೊಟ್ಟ ಸಾಕ್ಷಿ ಕೊಟ್ಟವರ ಕೈಯಲ್ಲಿ ಉಳಿಯುವುದಿಲ್ಲ. ಯಾವ ವಕೀಲನೂ ಅದನ್ನು ಎತ್ತಿ ಬಳಸಬಹುದು. 2017ರಲ್ಲಿ ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಕನ್ನು ರದ್ದು ಮಾಡಿತು, 2019ರಲ್ಲಿ ಅದನ್ನು ಶಿಕ್ಷಾರ್ಹ ಮಾಡಿದ ಕಾಯಿದೆಯೂ ಬಂತು. ನಮ್ಮ ಜಿಲ್ಲೆಯಲ್ಲಿ ಈ ಕಾದಂಬರಿಯ ಹೆಸರು ಹೇಳಿ "ನೋಡಿ, ಅವರ ಹೆಂಗಸರೇ ಬರೆದಿದ್ದಾರೆ" ಅಂತ ನಾಲಿಗೆ ಚಪ್ಪರಿಸುವವರನ್ನು ನಾನು ಕಂಡಿದ್ದೇನೆ. ತಮ್ಮ ಮನೆಯ ಹುಡುಗಿ ಜಾತಿ ಬಿಟ್ಟು ಮದುವೆಯಾದರೆ ಇವರು ಏನು ಮಾಡುತ್ತಾರೆ ಅಂತ ಊರಿಗೆಲ್ಲ ಗೊತ್ತು. ಕಾದಂಬರಿಯಾಗಿ ಓದಿದರೆ ಮಹಮ್ಮದ್ ಖಾನ್ ಒಂದು ಕೋಮಿನ ಆರೋಪಿಯಾಗಿ ಉಳಿಯುವುದಿಲ್ಲ. ಹೊರಗೆ ಸಣ್ಣವನು, ಮನೆಯೊಳಗೆ ಮಾತ್ರ ದೊರೆ, ತನ್ನ ಮಾತೇ ನಡೆಯಬೇಕು ಎಂಬ ಒಂದೇ ಆಸ್ತಿ ಇರುವ ಅಪ್ಪ. ಅವನು ಬಂಟರ ಮನೆಯಲ್ಲಿ ಇಲ್ಲವೆ, ಬ್ರಾಹ್ಮಣರ ಮನೆಯಲ್ಲಿ ಇಲ್ಲವೆ, ನಮ್ಮ ಕೇರಿಯ ಮನೆಯಲ್ಲಿ ಇಲ್ಲವೆ? ಸಾಕ್ಷಿ ಇನ್ನೊಬ್ಬರ ಮೇಲೆ ಬೆರಳು ತೋರಿಸಲು ಅನುಕೂಲ. ಕಾದಂಬರಿಯಿಂದ ಹಾಗೆ ತಪ್ಪಿಸಿಕೊಳ್ಳಲಿಕ್ಕೆ ಬರುವುದಿಲ್ಲ.

ಇನ್ನು ನನಗೆ ಈ ಕಾದಂಬರಿಯನ್ನು ಓದಲು ಕಲಿಸಿದವರ ಮಾತು. ಕೆಲವು ವರ್ಷಗಳ ಹಿಂದೆ ಲಾಯಿಲದಲ್ಲಿ ನಮ್ಮ ಮನೆಯ ಪಕ್ಕದ ಜಗಲಿಯಲ್ಲಿ ಹೆಂಗಸರು ಒಟ್ಟಿಗೆ ಕೂತು ಬೀಡಿ ಕಟ್ಟುತ್ತಿದ್ದರು. ನಮ್ಮವರು, ಬಿಲ್ಲವರು, ಬ್ಯಾರಿಗಳು, ಎಲ್ಲ ಇದ್ದರು. ತೊಡೆಯ ಮೇಲೆ ತಡ್ಪೆ, ಕೈ ನಿಲ್ಲುವ ಹಾಗಿಲ್ಲ, ಕಿವಿ ಮಾತ್ರ ಖಾಲಿ. ನಾನು ದಿನಕ್ಕೆ ಒಂದಿಷ್ಟು ಪುಟ ಓದಿ ಹೇಳುತ್ತಿದ್ದೆ. ಕೊನೆಯ ಅಧ್ಯಾಯ ಮುಗಿಸಿ ಪುಸ್ತಕ ಮಡಚಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಾಕೆ, ಎರಡಕ್ಷರ ಸಹಿ ಬಿಟ್ಟರೆ ಹೆಚ್ಚು ಬರೆಯಲು ಬಾರದ ಹೆಂಗಸು, ಕೇಳಿದಳು:

"ಮಾಸ್ಟ್ರೆ, ಅಷ್ಟು ದೊಡ್ಡ ಹೊಳೆ ಇರುವಾಗ ಅವಳು ಮಸೀದಿ ಕೆರೆಗೆ ಎಂತಕ್ಕೆ ಹೋದದ್ದು?"

ನಾನು ತಬ್ಬಿಬ್ಬಾದೆ. ಪುಸ್ತಕದ ಹೆಸರಲ್ಲೇ ಹೊಳೆ ಇದೆ. ಸಾಯಲು ಹೊಳೆ ಸಾಕಿತ್ತು. ಲೇಖಕಿ ಯಾಕೆ ಅವಳನ್ನು ಕೆರೆಗೆ ಕರೆದೊಯ್ದರು? ಇಷ್ಟು ವರ್ಷ ಈ ಪುಸ್ತಕದ ಬಗ್ಗೆ ಸಭೆಗಳಲ್ಲಿ ಮಾತಾಡಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರವೂ ಜಗಲಿಯಿಂದಲೇ ಬಂತು. ಇನ್ನೊಬ್ಬಾಕೆ ಎಲೆ ಕತ್ತರಿಸುತ್ತಲೇ ಹೇಳಿದಳು: "ಹೊಳೆಗೆ ಬಿದ್ರೆ ಹೊಳೆ ಕೊಂಡೋಗ್ತದೆ. ಕೆರೆಯಲ್ಲಾದ್ರೆ ಅಲ್ಲೇ ಇರ್ತದೆ. ಬೆಳಿಗ್ಗೆ ಬಂದವ್ರೆಲ್ಲ ನೋಡ್ಬೇಕಲ್ಲ."

ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಯಾವ ವಿಶ್ವವಿದ್ಯಾಲಯದ ಸೆಮಿನಾರಿನಲ್ಲೂ ಕೇಳಿಲ್ಲ. ನಮಾಜಿಗೆ ಮೊದಲು ಗಂಡಸರು ಕೈಕಾಲು ಮುಖ ತೊಳೆಯುವ ನೀರು ಅದು. ಶುದ್ಧಿಯ ನೀರು. ಯಾರ ನಿಯಮ ಅವಳ ಮೈಯನ್ನು ಒಂದು ರಾತ್ರಿಗೆ ಇನ್ನೊಬ್ಬನಿಗೆ ಒಪ್ಪಿಸಿತೋ ಅವರ ನೀರಿನಲ್ಲೇ ಅವಳು ತನ್ನ ಮೈಯನ್ನು ಇಟ್ಟು ಹೋದಳು. ನೀರಿನ ವಿಷಯ ನಮಗೆ ಯಾರೂ ಕಲಿಸಬೇಕಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಲು ಬಾಬಾಸಾಹೇಬರು ಸಾವಿರಾರು ಜನರನ್ನು ಕರೆದುಕೊಂಡು ಹೋದರು. 'ಚೋಮನ ದುಡಿ'ಯಲ್ಲಿ ಚೋಮನ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿದ್ದವರು ಎತ್ತಲಿಲ್ಲ. ನಾದಿರಾಳ ಕೆರೆಯನ್ನು ಈ ಎರಡು ನೀರುಗಳ ಪಕ್ಕದಲ್ಲಿಟ್ಟು ನೋಡಿ. ಹೆಣ್ಣಿನ ಪ್ರಶ್ನೆ, ಜಾತಿಯ ಪ್ರಶ್ನೆ ಬೇರೆ ಬೇರೆ ಅಂತ ವಾದ ಮಾಡುವ ನಮ್ಮ ಗೆಳೆಯರಿಗೆ ಒಂದಿಷ್ಟು ಬೆಳಕಾದೀತು. ಹಾಗಂತ ಸಾವನ್ನು ಹೊಗಳುತ್ತಿಲ್ಲ. ಜಗಲಿಯಲ್ಲಿ ಮೂರನೆಯವಳೊಬ್ಬಳು "ಸಾಯುವ ಬದಲು ಅಪ್ಪನ ಮನೆ ಬಿಟ್ಟು ನಡೀಬಹುದಿತ್ತು" ಅಂತ ಜಗಳಕ್ಕೇ ನಿಂತಳು. ಅದೂ ಕಾದಂಬರಿಯ ಜೊತೆಗಿನ ಜಗಳವೇ. ಲೇಖಕಿಯ ಖಾಸಗಿ ಬದುಕನ್ನು ಕೆದಕುವ ಕುತೂಹಲ ಆ ಜಗಲಿಯಲ್ಲಿ ಒಬ್ಬರಿಗೂ ಇರಲಿಲ್ಲ.

ಈಗ ನಮ್ಮ ಮನೆಯ ಕಸ. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯದ ಮೊದಲ ಸಮ್ಮೇಳನ ಆದಾಗ ನವ್ಯರ ಕಲೆಗಾರಿಕೆಯ ಗೀಳನ್ನು ನಾವು ಪ್ರಶ್ನಿಸಿದೆವು. ಸರಿಯಾಗಿಯೇ ಪ್ರಶ್ನಿಸಿದೆವು. ಆದರೆ ಎಮ್ಮೆ ಮೇಲಿನ ಸಿಟ್ಟಿಗೆ ಹಾಲನ್ನೂ ಚೆಲ್ಲಿದೆವು. ಬದ್ಧತೆ ಇದೆಯಾ ಅಂತ ಕೇಳಿದೆವು, ಬರವಣಿಗೆ ಹೇಗಿದೆ ಅಂತ ಕೇಳುವುದೇ ಮೇಲ್ಜಾತಿಯ ಚಾಳಿ ಅಂದುಕೊಂಡೆವು. ಅದರ ಬೆಲೆ ಏನಾಯಿತು? 1984ರಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಕೊಟ್ಟಾಗ, ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಮಂಚವೂ ಮಾತಾಡುವ ಆ ಕಾದಂಬರಿಯನ್ನು ಕಂಡು "ಅರ್ಥ ಆಗೋಲ್ಲ" ಅಂತ ದೂರಿದವರಲ್ಲಿ ನಮ್ಮವರೂ ಇದ್ದರು. ಕೇರಿಯವನು ಸರಳವಾಗಿ ಅಳಬೇಕು, ಕಷ್ಟವಾಗಿ ಕಟ್ಟಬಾರದು ಎಂಬ ನಿಯಮವನ್ನು ನಾವೇ ಹಾಕಿಬಿಟ್ಟಿದ್ದೆವು. 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದ ಮೇಲೆ ದಲಿತ ಆತ್ಮಕತೆಗಳಿಗೆ ಒಳ್ಳೆಯ ಓದುಗರು ಸಿಕ್ಕರು, ಸಂತೋಷ. ಆತ್ಮಕತೆಯನ್ನು "ಇದು ನಡೆದದ್ದಾ" ಅಂತ ಕೇಳಬಹುದು, ಅದರ ಕರಾರೇ ಅದು. ಕಾದಂಬರಿಯನ್ನೂ ಆತ್ಮಕತೆಯ ಹಾಗೆಯೇ ಓದಿದರೆ ಬರೆದವನು ಎರಡನೆಯ ಕಾದಂಬರಿಗೆ ಏನನ್ನು ತರಬೇಕು? ಇನ್ನೊಂದು ಗಾಯವನ್ನೇ?

ಕಟಕಟೆ ಅಂದರೆ ಅಲಂಕಾರದ ಮಾತಲ್ಲ. ನಮ್ಮ ಬೆಳ್ತಂಗಡಿ ತಾಲೂಕಿನ ಕುತ್ಲೂರಿನ ಮಲೆಕುಡಿಯ ಹುಡುಗ, ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿ, 2012ರಲ್ಲಿ ಬಂಧನಕ್ಕೊಳಗಾದ. ಅವನ ವಿರುದ್ಧದ ಪುರಾವೆಗಳ ಪಟ್ಟಿಯಲ್ಲಿ ಭಗತ್ ಸಿಂಗನ ಪುಸ್ತಕವೂ ಇತ್ತು. ಅವನೂ ಅವನ ಅಪ್ಪನೂ ಖುಲಾಸೆಯಾದದ್ದು 2021ರಲ್ಲಿ. ಒಂಬತ್ತು ವರ್ಷ! ಕಾಡಿನ ಮಕ್ಕಳು ಓದಿದರೆ ಓದಿದ ಪುಸ್ತಕ ಪುರಾವೆ, ಕೇರಿಯ ಮಕ್ಕಳು ಬರೆದರೆ ಬರೆದ ಪುಸ್ತಕ ಸಾಕ್ಷಿ. ಪೊಲೀಸರು ಮಾಡುವುದನ್ನೇ ನಾವು ಚಾ ಕೊಟ್ಟು ಮಾಡಬೇಕೆ?

ಹಾಗಾದರೆ ಏನು ಮಾಡುವುದು? ಪುಸ್ತಕದಂಗಡಿಯ ಮಾತುಕತೆ ಬೇಡ ಅನ್ನುವಷ್ಟು ಮೂರ್ಖ ನಾನಲ್ಲ. ಅವು ಇನ್ನೂ ಹೆಚ್ಚಾಗಲಿ. ಆದರೆ ಓದಿ ಹೋಗೋಣ. ಐವರು ಸೇರಿ ಒಂದು ಪ್ರತಿ ಕೊಂಡರೂ ಸಾಕು. ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ ನಡೆಯುತ್ತಿವೆ. ಅಲ್ಲಿ ಸ್ಪರ್ಧಾ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಮೊದಲ ಕಾದಂಬರಿಗಳಿಗೂ ಜಾಗ ಕೇಳೋಣ. ಹಳ್ಳಿಯ ಮಾಸ್ತರರು, ಟೀಚರುಗಳು ಗಟ್ಟಿಯಾಗಿ ಓದಿ ಹೇಳಲಿ. ಬರೆದವರನ್ನು ಕರೆಯುವುದು ಆಮೇಲೆ. ಬಂದಾಗ ಮೊದಲ ಪ್ರಶ್ನೆ ಪುಸ್ತಕದೊಳಗಿನದ್ದೇ ಆಗಿರಲಿ. ಮೆಚ್ಚದಿದ್ದರೆ ಮೆಚ್ಚಲಿಲ್ಲ ಅಂತ ಮುಖಕ್ಕೆ ಹೇಳೋಣ, ಅದೂ ಗೌರವವೇ. ನಮ್ಮವನು ಎಂಬ ಕಾರಣಕ್ಕೆ ಹೊಗಳುವುದಕ್ಕಿಂತ ಅವನ ಹನ್ನೊಂದನೆಯ ಅಧ್ಯಾಯ ಸಡಿಲವಾಗಿದೆ ಅಂತ ಹೇಳುವುದು ದೊಡ್ಡ ಗೆಳೆತನ.

ಸಾರಾ ಅವರು ಪುತ್ತೂರಿನ ಆ ಸಭೆಯ ನಂತರ ಸುಮ್ಮನಾಗಲಿಲ್ಲ. 'ಸಹನಾ', 'ವಜ್ರಗಳು' ಬರೆದರು, ಇನ್ನೂ ಬರೆದರು, 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನ ಕಟ್ಟಿದರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. 1990ರಿಂದ 1994ರವರೆಗೆ ಅವರು ಅಧ್ಯಕ್ಷೆಯಾಗಿದ್ದ ಸಂಘದ ಹೆಸರು ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘ. ಬರೆಯುವವರ ಸಾಲಿನಲ್ಲೇ ಓದುವವರಿಗೂ ಕುರ್ಚಿ ಹಾಕಿದ ಹೆಸರು. ನಮ್ಮ ಸಂಘಟನೆಗಳ ಉದ್ದುದ್ದ ಹೆಸರುಗಳಲ್ಲಿ ಓದುಗ ಎಂಬ ಮಾತು ಎಲ್ಲಾದರೂ ಉಂಟಾ ಅಂತ ಒಮ್ಮೆ ನೋಡಿಕೊಳ್ಳಿ.

ಆ ಹುಡುಗನ ಕಾದಂಬರಿಯನ್ನು ನಾನು ಈಗ ಎರಡನೆಯ ಸಲ ಓದುತ್ತಿದ್ದೇನೆ. ಜಗಲಿಯಲ್ಲೂ ಓದು ಶುರುವಾಗಿದೆ. ಬೀಡಿ ಕಟ್ಟುವವರು ಮೊದಲಿನಷ್ಟು ಇಲ್ಲ, ಐದಾರು ಜನ ಇದ್ದಾರೆ. ಆ ಮುದುಕಿ ಯಾಕೆ ಒಂದೇ ಅಧ್ಯಾಯಕ್ಕೆ ಬಂದು ಹೋದಳು ಎಂಬುದರ ಮೇಲೆ ನಿನ್ನೆ ದೊಡ್ಡ ಚರ್ಚೆಯಾಯಿತು, ಇತ್ಯರ್ಥವಾಗಲಿಲ್ಲ. ಓದು ಮುಗಿದ ಮೇಲೆ ಅವನನ್ನು ಲಾಯಿಲಕ್ಕೆ ಕರೆಯಬೇಕು ಅಂತ ಉಂಟು. ಹಾರ ತುರಾಯಿ ಇಲ್ಲ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಮತ್ತೆ ಆ ಮುದುಕಿಯ ಬಗ್ಗೆ ಇವರು ಕೇಳುವ ಪ್ರಶ್ನೆ. ಅದಕ್ಕೆ ಅವನು ತಯಾರಾಗಿ ಬರಲಿ.